ರಮಾಳ ಸ್ಯಾಂಪಲ್ ಡಿಸ್ಕು

ತ್ರಿಪ್ಲಿಕೇನ್, ಚೆನ್ನೈ
8 ಸೆಪ್ಟೆಂಬರ್ 2003

ಪ್ರೀತಿಯ ರಮಾ,

ಅಣ್ಣನ ಆಶೀರ್ವಾದ. ನಾನು, ನಿನ್ನ ಅತ್ತಿಗೆ ಸುಗುಣಾ ಇಬ್ಬರೂ ನೆಟ್ಟಗಿದ್ದೇವೆ, ನೀರಿನದೊಂದು ಬಿಟ್ಟು. ತಣ್ಣಿ ಲಾರಿ ಎರಡು ದಿನಕ್ಕೊಮ್ಮೆ ಬೀದಿ ತುದಿಗೆ ಬರುತ್ತೆ. ರಿಟೈರ್ ಆದ ಮೇಲೆ ಕೊಡ ಹಿಡಿದು ಸಾಲಲ್ಲಿ ನಿಲ್ಲೋ ಡ್ಯೂಟಿ ನನ್ನ ತಲೆಗೇ ಬಿದ್ದಿದೆ. ಗೌರಿ ಹಬ್ಬದ ಸೀರೆ ಮೈಸೂರಿಗೆ ತಲುಪಿತು ಅಂತ ನೀನು ಫೋನ್ ಮಾಡಿದ್ದೆಯಂತೆ. ನಾನು ಮನೇಲಿರಲಿಲ್ಲ. ಟೆಲಿಫೋನ್ಸ್‌ನಲ್ಲಿ ಮೂವತ್ತೇಳು ವರ್ಷ ದುಡಿದು ಈಗ ಫೋನ್ ಕಂಡರೇ ಆಗಲ್ಲ ನನಗೆ, ಅದಕ್ಕೇ ಈ ಕಾಗದ.

ಎಲ್ಲಿ ಹೋಗಿದ್ದೆ ಗೊತ್ತಾ? ರಿಚಿ ಸ್ಟ್ರೀಟಿಗೆ. ನಗಬೇಡ, ಈ ವಯಸ್ಸಿನಲ್ಲಿ ಮತ್ತೆ ಒಂದು ರೆಕಾರ್ಡ್ ಪ್ಲೇಯರ್ ತಗೊಂಡಿದ್ದೀನಿ, ಸೆಕೆಂಡ್ ಹ್ಯಾಂಡು. ಅದರ ವೈರನ್ನ ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಆಗಲ್ಲ. ಮುಳ್ಳಿನಿಂದ ಬರೋ ಸದ್ದು ಬಹಳ ಬಡಕಲು. ರೆಕಾರ್ಡು ಕೊರೆಯುವಾಗ ಕೆಳಗಿನ ಸ್ವರಗಳನ್ನ ಕುಗ್ಗಿಸಿ, ಮೇಲಿನದನ್ನ ಎತ್ತಿ ಕೊರೆದಿರ್ತಾರೆ. ಅದನ್ನ ತಿರುಗಿ ಸರಿಮಾಡಿ, ಸದ್ದನ್ನೂ ದೊಡ್ಡದು ಮಾಡೋಕೆ ಮಧ್ಯೆ ಒಂದು ಪುಟ್ಟ ಪೆಟ್ಟಿಗೆ ಬೇಕು. ಫೋನೋ ಪ್ರೀಆಂಪ್ ಅಂತ ಹೆಸರು. ಆ ಬೀದೀಲಿ ಮುರಳೀಧರ ಅಂತ ಒಬ್ಬ ಅದನ್ನ ಕೈಯಾರೆ ಮಾಡ್ತಾನೆ. ಎರಡು ಕೊಟ್ಟು, ಮನೇಲಿ ಹಾಕಿ ನೋಡಿ ಒಂದನ್ನ ಇಟ್ಟುಕೊಳ್ಳಿ ಅಂದಿದ್ದಾನೆ. ಒಂದರಲ್ಲಿ ವಾಲ್ವುಗಳು, ನಮ್ಮಪ್ಪನ ರೇಡಿಯೋದಲ್ಲಿ ಇದ್ದ ಹಾಗೆ ಕೆಂಪಗೆ ಉರಿಯುತ್ತವೆ. ಅದರಲ್ಲಿ ಯಾರು ಹಾಡಿದರೂ ಬೆಚ್ಚಗೆ, ತುಂಬಿಕೊಂಡು ಕೇಳುತ್ತೆ. ಇನ್ನೊಂದು ಸಾದಾ. ಇದ್ದದ್ದನ್ನ ಇದ್ದ ಹಾಗೆ ಒಪ್ಪಿಸುತ್ತೆ, ಅಷ್ಟೆ.

"ಯಾವುದು ಸರಿ ಅಂತ ಹೇಗಪ್ಪಾ ಗೊತ್ತಾಗೋದು?" ಅಂದೆ. "ಸಾರ್, ನಿಮಗೆ ಚೆನ್ನಾಗಿ ಪರಿಚಯ ಇರೋ ಗಂಟಲು ಯಾವುದೋ ಅದನ್ನ ಹಾಕಿ ಕೇಳಿ" ಅಂದ. ಹಾಗಂದಾಗ ನನಗೆ ಒಂದು ಮಾದರಿ ಆಯ್ತು. ಎರಡು ಪೆಟ್ಟಿಗೇನೂ ಆಟೋಲಿ ಹಾಕಿಕೊಂಡು ಬಂದೆ.

ನನಗಂತೂ ವಾಲ್ವಿನದೇ ಆಗಲಿ ಅಂತ ಆಸೆ. ನೀನೇನಂತೀಯ? ಅಕ್ಷಯಾ ಹೇಗಿದ್ದಾಳೆ?

ನಿನ್ನ ಅಣ್ಣ,
ವಿಷ್ಣುತೀರ್ಥ


ಕೃಷ್ಣಮೂರ್ತಿಪುರಂ, ಮೈಸೂರು
19 ಸೆಪ್ಟೆಂಬರ್ 2003

ಅಣ್ಣನಿಗೆ ನಮಸ್ಕಾರ.

ಅಲ್ಲ, "ಒಂದು ಮಾದರಿ ಆಯ್ತು" ಅಂದರೆ ಯಾವ ಮಾದರಿ? ಒಂಥರಾ ಆಯ್ತು ಅನ್ನಬಾರದಾ? ನಿಮ್ಮ ಮದ್ರಾಸ್ ಕನ್ನಡ ಓದೋಕೆ ಜೊತೆಗೊಬ್ಬ ತಮಿಳು ಮೇಷ್ಟ್ರು ಬೇಕು. ನಾನೂ ಇಪ್ಪತ್ತಾರು ವರ್ಷ ಹಾಗೇ ಮಾತಾಡ್ತಿದ್ದೆ ಅಂತ ಇಲ್ಲಿ ಯಾರಿಗೂ ಹೇಳಬೇಡ.

ಸೀರೆ ಬಹಳ ಚೆನ್ನಾಗಿದೆ. ಆದರೆ ಇದೇನಣ್ಣ, ವರ್ಷಾ ವರ್ಷಾ ಅಂಚು ಅಗಲ ಆಗ್ತಾನೇ ಇದೆ! ಮದುವೆ ಆದ ಮೊದಲನೇ ಗೌರಿಗೆ ಎರಡು ಬೆರಳಂಚಿನ ಸೀರೆ ಬಂದಿತ್ತು. ಈ ಸಲದ್ದು ಮೊಳಕಾಲು ಮುಟ್ಟಿದೆ. ಇನ್ನು ಹತ್ತು ವರ್ಷಕ್ಕೆ ಒಡಲೇ ಇರಲ್ಲ, ಬರೀ ಅಂಚು ಕಳಿಸ್ತೀಯ. ನಮ್ಮನೆಯವರು "ನಿಮ್ಮಣ್ಣ ಏನು ನಿನಗೆ ತಪ್ಪು ಕಾಣಿಕೆ ಒಪ್ಪಿಸ್ತಿದ್ದಾರಾ?" ಅಂತ ತಮಾಷೆ ಮಾಡಿದರು.

ಪೆಟ್ಟಿಗೆ ವಿಷಯ ನನ್ನನ್ನ ಕೇಳ್ತೀಯಲ್ಲ, ನನಗೆ ಗೊತ್ತಿರೋದು ಮಿಕ್ಸಿ ಒಂದೇ. ನಿನಗೆ ಬೇಕಾದ್ದು ಇಟ್ಟುಕೋ.

ನಿನ್ನಿಂದ ನನಗೊಂದು ಉಪಕಾರ ಆಗಬೇಕು. ಅಕ್ಷಯಾ ಸಂಗೀತ ಸಂಗೀತ ಅಂತ ಜೀವ ತಿಂತಿದ್ದಾಳೆ. ಹದಿನೈದು ತುಂಬಿತು. ಸ್ಕೂಲಿನ ಮೇಡಂ ಮನೆಗೇ ಬಂದು, ಒಳ್ಳೇ ಶಾರೀರ, ವಿಜಯದಶಮಿಗೆ ಪಾಠಕ್ಕೆ ಕೂರಿಸಿ ಅಂದರು. ನಾನು ಆಗಲ್ಲ ಅಂದೆ. ನಮ್ಮ ಮನೆ ಹೆಂಗಸರ ಗಂಟಲು ನಿನಗೆ ಗೊತ್ತಲ್ಲ. ಎದುರಿಗೆ ಕೂತು ಕೇಳಿದರೆ ಏನೋ ಇದೆ ಅನ್ನಿಸುತ್ತೆ, ರೆಕಾರ್ಡಿಗೆ ಹತ್ತಿದರೆ ಬಣ್ಣ ಬಯಲು. ನನ್ನ ಸ್ಯಾಂಪಲ್ ಡಿಸ್ಕು ಬಂದ ದಿನ ನೀನೇ ಅಲ್ಲವಾ ಹೇಳಿದ್ದು, ತಗಡಿನ ಡಬ್ಬಿಯೊಳಗೆ ಸೊಳ್ಳೆ ಹಾಡಿದ ಹಾಗಿದೆ ಅಂತ? ಆಗ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನೀನು ಅವತ್ತು ಹೇಳದೇ ಇದ್ದಿದ್ದರೆ ಆ ಡಿಸ್ಕು ಅಂಗಡಿಗೆ ಬಂದು ಊರೆಲ್ಲ ನಗೋರು. ನನ್ನ ಮಾನ ಉಳಿಸಿದೆ. ಈಗ ಅಕ್ಷಯಾಗೂ ಒಂದು ಮಾತು ಬುದ್ಧಿ ಹೇಳಿ ಬರಿ. ಮಾವ ಹೇಳಿದರೆ ಕೇಳ್ತಾಳೆ.

ಇತಿ,
ರಮಾ


ತ್ರಿಪ್ಲಿಕೇನ್
28 ಸೆಪ್ಟೆಂಬರ್ 2003

ಪ್ರೀತಿಯ ರಮಾ,

ನಿನ್ನ ಕಾಗದ ಬಂದು ಐದು ದಿನ ಆಯ್ತು. ದಿನಾ ಬರೆಯೋಕೆ ಕೂರ್ತೀನಿ. ನಿನ್ನೆ ಒಂದು ಪುಟ ಬರೆದಿದ್ದೆ, ಅಷ್ಟರಲ್ಲಿ ತಣ್ಣಿ ಲಾರಿ ಬಂತು, ಎದ್ದೆ. ವಾಪಸು ಬಂದು ಓದಿದರೆ ಸರಿಯಿಲ್ಲ ಅನ್ನಿಸಿ ಹರಿದು ಹಾಕಿದೆ. ಲಾರಿ ಬಾರದಿದ್ದರೂ ಹರೀತಿದ್ದೆ ಅನ್ನು.

ಎರಡು ಪೆಟ್ಟಿಗೇನೂ ಹಾಕಿ ಕೇಳಿದೆ. ಸಿಕ್ಕ ಸಿಕ್ಕ ರೆಕಾರ್ಡು ಹಾಕಿದೆ. ಪರಿಚಯದ ಗಂಟಲು ಮಾತ್ರ ಇನ್ನೂ ಹಾಕಿಲ್ಲ. ವಾಲ್ವಿನದು ಬಹಳ ಸುಖ ರಮಾ. ಯಾರ ಕುಂದೂ ಕಾಣಿಸಲ್ಲ, ಎಲ್ಲರನ್ನೂ ಕ್ಷಮಿಸಿಬಿಡುತ್ತೆ.

ಅಕ್ಷಯಾ ಕಲಿಯಲಿ ಬಿಡು. ಚಿಕ್ಕ ಹುಡುಗಿ, ಆಸೆ ಪಡ್ತಾಳೆ. ನನ್ನ ಅಭಿಪ್ರಾಯ ಅಷ್ಟೆ, ಆಮೇಲೆ ನಿನ್ನಿಷ್ಟ. ಬೇರೆ ಒಂದು ವಿಷಯವೂ ಇದೆ, ಇನ್ನೊಂದು ಸಲ ಬರೀತೀನಿ.

ಅಣ್ಣ


ಮೈಸೂರು
9 ಅಕ್ಟೋಬರ್ 2003

ಅಣ್ಣನಿಗೆ,

ಬರೀ ಕಾರ್ಡು ಹಾಕ್ತಿದ್ದೀನಿ, ಮನೇಲಿ ದಸರಾ ನೆಂಟರು ಇನ್ನೂ ಹೋಗಿಲ್ಲ. "ಕಲಿಯಲಿ ಬಿಡು" ಅಂತ ನೀನು ಬರೆದ ರೀತಿ ನೋಡಿದಾಗಲೇ ನಿನಗೂ ಮನಸ್ಸಿಲ್ಲ, ನನಗೆ ನೋವಾಗಬಾರದು ಅಂತ ಬರೆದಿದ್ದೀಯ ಅಂತ ತಿಳೀತು. ವಿಜಯದಶಮಿ ಮುಗೀತು, ಸೇರಿಸಲಿಲ್ಲ. ಅಕ್ಷಯಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಕಂಪ್ಯೂಟರ್ ಕ್ಲಾಸಿಗೆ ಹೋಗ್ತೀನಿ ಅಂತಿದ್ದಾಳೆ. ಎಲ್ಲ ಸರಿಹೋಗುತ್ತೆ.

ರಮಾ


ತ್ರಿಪ್ಲಿಕೇನ್
16 ಅಕ್ಟೋಬರ್ 2003

ರಮಾ,

ಈ ಕಾಗದವನ್ನ ಒಬ್ಬಳೇ ಇದ್ದಾಗ ಓದು.

ಸರಿಹೋಗಲ್ಲ. ತಪ್ಪು ನಿನ್ನ ಗಂಟಲಿನದಲ್ಲ. ಯಾವತ್ತೂ ಆಗಿರಲಿಲ್ಲ. ತಪ್ಪು ನನ್ನದು, ಅದು ನನಗೆ ಇಪ್ಪತ್ತೈದು ವರ್ಷದಿಂದ ಗೊತ್ತು.

ಎಪ್ಪತ್ತೆಂಟನೇ ಇಸವಿ ನೆನಪಿದೆಯಲ್ಲ. ಮೌಂಟ್ ರೋಡಿನ ರೆಕಾರ್ಡ್ ಕಂಪನಿಯವರು ನಿನ್ನ ಕೈಲಿ ನಾಲ್ಕು ದೇವರನಾಮ ಹಾಡಿಸಿದ್ದರು. ಕೇಳಿ ಒಪ್ಪಿಗೆ ಬರೆದು ಕಳಿಸಿ ಅಂತ ಒಂದೇ ಒಂದು ಸ್ಯಾಂಪಲ್ ಡಿಸ್ಕು ಮನೆಗೆ ಬಂತು. ಪಕ್ಕದ ಮನೆಯವರ ಹತ್ತಿರ ಒಳ್ಳೇ ಗ್ರಾಮಫೋನ್ ಪೆಟ್ಟಿಗೆ ಇತ್ತು. ಅಲ್ಲೇ ಹಾಕೋಣ ಅಂತ ಅಮ್ಮ ಹೇಳಿದಳು. ನಾನು ಬಿಡಲಿಲ್ಲ. ಬರ್ಮಾ ಬಜಾರಿನಿಂದ ಫಾರಿನ್ ಪ್ಲೇಯರ್ ತಂದು ಆಗಿನ್ನೂ ಎರಡು ದಿನ ಆಗಿತ್ತು, ನನ್ನ ಹೆಮ್ಮೆಗೆ ಮೇರೆ ಇರಲಿಲ್ಲ. ಅದರ ವೈರು ತಗೊಂಡು ಅಪ್ಪನ ರೇಡಿಯೋದ ಹಿಂದೆ ಇದ್ದ ತೂತಿಗೆ ನೇರವಾಗಿ ಚುಚ್ಚಿದೆ. ಮಧ್ಯೆ ಪೆಟ್ಟಿಗೆ ಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಟೆಲಿಫೋನ್ಸಿನವನು, ವೈರು ಕಂಡರೆ ಎಲ್ಲಾ ಗೊತ್ತು ಅನ್ನೋ ಜಂಬ ಒಂದಿತ್ತು.

ಪಕ್ಕದ ಮನೆಯವರೂ ಬಂದು ಹಾಲ್‌ನಲ್ಲಿ ಕೂತಿದ್ದರು. ನೀನು ಬಾಗಿಲ ಹತ್ತಿರ ನಿಂತಿದ್ದೆ. ಸದ್ದು ಕೀರಲಾಗಿ ಬಂತು. ರೇಡಿಯೋ ಪೂರ್ತಿ ತಿರುಗಿಸಿದರೂ ಅಷ್ಟೇ. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಹೊಸ ಪ್ಲೇಯರಿಗೆ ಏನೋ ಆಗಿದೆ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು. ಅದಕ್ಕೇ ಆ ಸೊಳ್ಳೆ ಮಾತು ಆಡಿದೆ. ಎಲ್ಲರೂ ನಕ್ಕರು, ನೀನೂ ನಕ್ಕೆ. ಮಾರನೇ ದಿನ ನೀನೇ ಕಂಪನಿಗೆ "ಬಿಡುಗಡೆ ಮಾಡಬೇಡಿ" ಅಂತ ಕಾಗದ ಬರೆದೆ. ಅದನ್ನ ಪೋಸ್ಟಿಗೆ ಹಾಕಿದವನು ನಾನೇ.

ಇಲ್ಲಿಯ ತನಕ ತಿಳೀದೆ ಮಾಡಿದ್ದು. ಮುಂದಿನದು ತಿಳಿದೂ ಮಾಡಿದ್ದು. ಒಂದು ತಿಂಗಳಾದ ಮೇಲೆ ನಮ್ಮ ಎಕ್ಸ್‌ಚೇಂಜಿನ ಸುಬ್ರಾಯ ಮನೆಗೆ ಬಂದವನು ನನ್ನ ವೈರು ನೋಡಿ ತಲೆ ಚಚ್ಚಿಕೊಂಡ. "ಇದಕ್ಕೆ ಪ್ರೀಆಂಪ್ ಎಲ್ಲಿ ಸ್ವಾಮೀ? ಹೀಗೆ ಹಾಕಿದರೆ ಯಾವ ವಿದ್ವಾಂಸರ ಹಾಡೂ ಕೀರಲೇ" ಅಂದ. ಅವನ ಪೆಟ್ಟಿಗೆ ತಂದು ಸಿಕ್ಕಿಸಿದ. ಅವತ್ತು ನೀನು, ಅಮ್ಮ ಮದುವೆ ಜವಳಿಗೆ ಅಂತ ಹೋಗಿದ್ದಿರಿ. ನಿನ್ನ ಡಿಸ್ಕು ಹಾಕಿದೆ. ರಮಾ, ಹೇಗೆ ಹೇಳಲಿ? ನೀನು ಅಡುಗೆ ಮನೇಲಿ ಹಾಡಿಕೊಳ್ತಿದ್ದೆಯಲ್ಲ, ಅದೇ ಗಂಟಲು, ಪಕ್ಕದಲ್ಲೇ ಕೂತ ಹಾಗಿತ್ತು. ಸುಬ್ರಾಯ ಯಾರು ಇವರು ಅಂತ ಕೇಳಿದ. ಯಾರೋ ಅಂದೆ.

ಆ ಸಂಜೆಯೇ ಹೇಳಬಹುದಿತ್ತು. ಕಂಪನಿಗೆ ಓಡಬಹುದಿತ್ತು. ಎಲ್ಲರೆದುರಿಗೆ ದಡ್ಡ ಆಗಬೇಕಲ್ಲ ಅಂತ ಹಿಂಜರಿದೆ. ಮದುವೆ ಮುಗೀಲಿ, ಆಮೇಲೆ ಹೇಳೋಣ ಅಂದುಕೊಂಡೆ. ಮದುವೆ ಆಯ್ತು. ಬಾಣಂತನ ಆಗಲಿ ಅಂದುಕೊಂಡೆ. ಆಮೇಲೆ ಅಪ್ಪ ಹೋದರು, ಅಮ್ಮ ಹೋದಳು. ವರ್ಷಕ್ಕೊಂದು ಸೀರೆ ಕಳಿಸಿದೆ. ನಿಮ್ಮನೆಯವರು ತಮಾಷೆಗೆ ಅಂದ ಮಾತು ನಿಜ.

ಮೊನ್ನೆ ಅಕ್ಷಯಾ ವಿಷಯದಲ್ಲೂ ಅದೇ ಹೇಡಿತನ ಮಾಡಿದೆ. ವಿಜಯದಶಮಿಗೆ ಮುಂಚೆ ಹೇಳಿದ್ದರೆ ಅವಳು ಪಾಠಕ್ಕೆ ಕೂರ್ತಿದ್ದಳು. ಈ ಪಾಪ ಹಳೇದೂ ಅಲ್ಲ, ಈ ತಿಂಗಳಿನದು.

ಡಿಸ್ಕು ನನ್ನ ಹತ್ತಿರ ಇದೆ. ಎಸೆದೆ ಅಂತ ನಿನಗೆ ಸುಳ್ಳು ಹೇಳಿದ್ದೆ. ಬೀರುವಿನಲ್ಲಿ ಪಂಚೆಗಳ ಮಧ್ಯೆ ಇಟ್ಟಿದ್ದೀನಿ. ನಿನಗೆ ಅದನ್ನ ಕೇಳಿಸಬೇಕು ಅಂತಲೇ ಈ ಪ್ಲೇಯರು, ಈ ಪೆಟ್ಟಿಗೆ. ಇಪ್ಪತ್ತೈದು ವರ್ಷದ ಮೇಲೆ ಕೇಳಿಸುವಾಗ ಎಷ್ಟು ಸಾಧ್ಯವೋ ಅಷ್ಟು ಬೆಚ್ಚಗೆ, ಇಂಪಾಗಿ ಕೇಳಲಿ ಅಂತ ಆಸೆ ನನಗೆ. ಬೈಯಬೇಕು ಅನ್ನಿಸಿದರೆ ಬೈದು ಬರಿ. ಬರೀದೆ ಮಾತ್ರ ಇರಬೇಡ.

ಅಣ್ಣ ಅಂತ ಬರೆಯೋಕೆ ನಾಚಿಕೆ ಆಗ್ತಿದೆ,
ವಿಷ್ಣುತೀರ್ಥ


ಮೈಸೂರು
4 ಜನವರಿ 2004

ಮಾವನಿಗೆ ಅಕ್ಷಯಾ ಮಾಡುವ ನಮಸ್ಕಾರಗಳು.

ನಾನು ಬರೆದದ್ದು ಅಮ್ಮನಿಗೆ ಗೊತ್ತಿಲ್ಲ. ಸ್ಕೂಲಿನ ಹತ್ತಿರದ ಪೋಸ್ಟ್ ಡಬ್ಬಕ್ಕೆ ಹಾಕ್ತೀನಿ. ಅಕ್ಟೋಬರಿನಲ್ಲಿ ನಿಮ್ಮ ಕಾಗದ ಬಂದಾಗಿನಿಂದ ಅಮ್ಮ ಒಂಥರಾ ಇದ್ದಾಳೆ. ನೀವು ಫೋನ್ ಮಾಡಿದರೆ ಹಿತ್ತಲಿಗೆ ಹೋಗ್ತಾಳೆ, ಅಪ್ಪ ಏನೋ ನೆಪ ಹೇಳ್ತಾರೆ. ಕಾಗದ ಅವಲಕ್ಕಿ ಡಬ್ಬಿಯಲ್ಲಿದೆ. ನಾನು ಓದಿಲ್ಲ, ನಿಜವಾಗ್ಲೂ. ಓದಬೇಕು ಅಂತ ಡಬ್ಬಿ ತೆಗೆದಿದ್ದೆ, ಭಯ ಆಗಿ ಮುಚ್ಚಿಟ್ಟೆ.

ಇನ್ನೊಂದು ವಿಷಯ. ಕಳೆದ ಭಾನುವಾರ ಬಚ್ಚಲ ಒಲೆ ಮುಂದೆ ಅಮ್ಮ ಕೂತಿದ್ದಾಗ ಏನೋ ಸದ್ದು ಕೇಳಿಸಿತು. ಹಾಡು ಅನ್ನಿಸಿತು ಮಾವ. ನಾನು ಬಾಗಿಲಿಗೆ ಬಂದ ತಕ್ಷಣ ಕೆಮ್ಮಿಬಿಟ್ಟಳು, ಹೊಗೆ ಅಂದಳು. ಅಮ್ಮ ಹಾಡೋದನ್ನ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನೀವು ಏನು ಬರೆದಿರಿ?

ಅಕ್ಷಯಾ


ಮೈಸೂರು
22 ಫೆಬ್ರವರಿ 2004

ವಿಷ್ಣುತೀರ್ಥರಿಗೆ,

ಅಣ್ಣ ಅಂತ ಬರೆಯೋಕೆ ನಿನಗೇ ಆಗಲಿಲ್ಲ ಅಂದಮೇಲೆ ನಾನ್ಯಾಕೆ ಬರೀಲಿ?

ನಾಲ್ಕು ತಿಂಗಳು ಬೇಕಾಯ್ತು. ಮೊದಲನೇ ತಿಂಗಳು ನಿನ್ನ ಕಾಗದ ಒಲೆಗೆ ಹಾಕೋಣ ಅಂತಿದ್ದೆ. ಎರಡನೇ ತಿಂಗಳು ನಿನ್ನ ಸೀರೆಗಳನ್ನೆಲ್ಲ ಗಂಟು ಕಟ್ಟಿ ವಾಪಸು ಕಳಿಸೋಣ ಅಂತ ಹರಡಿಕೊಂಡು ಕೂತೆ. ನಮ್ಮನೆಯವರು ನೋಡಿ, ಊರಿಗೆ ಹೊರಟೆಯಾ ಅಂದರು. ಅವರಿಗೆ ಹೇಳಿದೆ. ಅವರು ಒಂದು ಸೀರೆ ಮಡಿಸಿಟ್ಟು, "ನೀನು ಹಾಡ್ತಿದ್ದೆಯಾ?" ಅಂತ ಕೇಳಿದರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡನಿಗೆ ಅದು ಗೊತ್ತಿಲ್ಲ, ತಿಳಕೋ.

ವೈರು ತಪ್ಪಾಗಿ ಚುಚ್ಚಿದ್ದಕ್ಕೆ ನನಗೆ ಕೋಪ ಇಲ್ಲ. ಸೊಳ್ಳೆ ಅಂದಿದ್ದಕ್ಕೂ ಇಲ್ಲ, ನನ್ನ ಕಿವಿಗೂ ಅವತ್ತು ಹಾಗೇ ಕೇಳಿಸಿತ್ತು. ಅದಕ್ಕೇ ನಂಬಿದ್ದು. ಸುಬ್ರಾಯ ಬಂದು ಹೋದ ದಿನ ಜವಳಿ ಗಂಟು ಹೊತ್ತು ನಾನು ಮನೆಗೆ ಬಂದೆ. ನೀನು ಬಾಗಿಲು ತೆಗೆದು, ಕಾಫಿ ಮಾಡಿಕೊಡ್ಲಾ ರಮಾ ಅಂದೆ. ಜನ್ಮದಲ್ಲಿ ಒಂದು ಲೋಟ ತೊಳೆಯದವನು ಕಾಫಿ ಮಾಡಿಕೊಟ್ಟೆ. ಎಷ್ಟು ಒಳ್ಳೇ ಅಣ್ಣ ಅಂತ ಎಷ್ಟು ಜನರ ಹತ್ತಿರ ಹೇಳಿದ್ದೀನೋ! ಆ ಕಾಫಿ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ನಾನು ಮಕ್ಕಳನ್ನ ಮಲಗಿಸುವಾಗ ಜೋಗುಳ ಹಾಡಲಿಲ್ಲ ಗೊತ್ತಾ? ಬಾಯಲ್ಲಿ ಹೇಳ್ತಿದ್ದೆ, ಪಾಠ ಒಪ್ಪಿಸೋ ಹಾಗೆ. ಹಸೆ, ಆರತಿ ಅಂದರೆ ಓರಗಿತ್ತಿ ಹಾಡೋಳು, ನಾನು ತಟ್ಟೆ ಹಿಡ್ಕೊಂಡು ನಿಲ್ಲೋಳು. "ರಮಾಗೆ ಹಾಡು ಬರಲ್ಲ, ಅವಳ ಕೈಗೆ ತಟ್ಟೆ ಕೊಡಿ" ಅನ್ನೋದು ಈ ಮನೇಲಿ ವಾಡಿಕೆ ಆಗಿದೆ. ಅದನ್ನೇ ನನ್ನ ಮಗಳಿಗೂ ಉಂಬಳಿ ಬಿಡೋಕೆ ಹೊರಟಿದ್ದೆ.

ಈಗ ಪೆಟ್ಟಿಗೆ ವಿಷಯ. ಸೆಪ್ಟೆಂಬರಿನಲ್ಲಿ ಕೇಳಿದ್ದೆಯಲ್ಲ, ಈಗ ಹೇಳ್ತೀನಿ. ವಾಲ್ವಿನದನ್ನ ವಾಪಸು ಕೊಡು. ಒಂದು ಸಲ ನನ್ನ ಗಂಟಲನ್ನ ಇದ್ದದ್ದಕ್ಕಿಂತ ಕೆಟ್ಟದಾಗಿ ಕೇಳಿಸಿದೆ. ಈಗ ಇದ್ದದ್ದಕ್ಕಿಂತ ಚೆನ್ನಾಗಿ ಕೇಳಿಸಿ ಸಮ ಮಾಡ್ತೀಯಾ? ಎಲ್ಲರನ್ನೂ ಕ್ಷಮಿಸೋ ಪೆಟ್ಟಿಗೆ ಅಂತ ಬರೆದಿದ್ದೆ. ಅದು ಬೇಕಾಗಿರೋದು ನಿನಗೆ, ನನಗಲ್ಲ. ಸಾದಾದು ಇಟ್ಟುಕೋ. ನಾನು ಹೇಗೆ ಹಾಡಿದ್ದೆನೋ ಹಾಗೇ ಕೇಳಬೇಕು ನನಗೆ.

ಮೇ ತಿಂಗಳಲ್ಲಿ ಅಕ್ಷಯಾಳನ್ನ ಕರಕೊಂಡು ಕಾವೇರಿ ಎಕ್ಸ್‌ಪ್ರೆಸ್ಸಿಗೆ ಬರ್ತೀನಿ. ಅಲ್ಲೀವರೆಗೆ ಡಿಸ್ಕು ಮುಟ್ಟಬೇಡ.

ರಮಾ


ತ್ರಿಪ್ಲಿಕೇನ್
1 ಮಾರ್ಚ್ 2004

ರಮಾ,

ನೀನು ಬರೆದದ್ದು ಎಲ್ಲವೂ ಸರಿ. ಎರಡು ಸಲ ಓದಿದೆ, ಮೂರನೇ ಸಲ ಸುಗುಣಾ ಕೈಗೆ ಕೊಟ್ಟೆ. ಅವಳಿಗೂ ನಾನು ಹೇಳಿರಲಿಲ್ಲ. ಈಗ ಅವಳೂ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡ್ತಿದ್ದಾಳೆ.

ವಾಲ್ವಿನ ಪೆಟ್ಟಿಗೆ ಇವತ್ತು ಬೆಳಿಗ್ಗೆ ವಾಪಸು ಕೊಟ್ಟೆ. ಮುರಳೀಧರನಿಗೆ ಆಶ್ಚರ್ಯ. "ಎಲ್ಲರೂ ವಾರ್ಮ್ ಬೇಕು ಅಂತಾರೆ, ನೀವೊಬ್ಬರೇ ಸಾರ್ ಬೇಡ ಅಂದಿದ್ದು" ಅಂದ. ನನ್ನ ತಂಗಿ ಬೇಡ ಅಂದಳು ಅಂದೆ. "ಅವರು ಮ್ಯೂಸಿಕ್‌ನಲ್ಲಿ ಇದ್ದಾರಾ ಸಾರ್?" ಅಂತ ಕೇಳಿದ. ಹೌದು, ಬಹಳ ಚೆನ್ನಾಗಿ ಹಾಡ್ತಾಳೆ ಅಂದೆ. ಈ ಮಾತನ್ನ ಹೊರಗಿನವರ ಎದುರಿಗೆ ನಾನು ಹೇಳಿದ್ದು ಇದೇ ಮೊದಲು.

ಡಿಸ್ಕು ಮುಟ್ಟಿಲ್ಲ. ಬನ್ನಿ.

ವಿಷ್ಣುತೀರ್ಥ


ಮೈಸೂರು
25 ಆಗಸ್ಟ್ 2004

ಅಣ್ಣ,

ಮೇನಲ್ಲಿ ನಿಮ್ಮ ಮನೆಯಿಂದ ಬಂದಾಗಿನಿಂದ ನೀನು ಫೋನಿನಲ್ಲಿ ಬರೀ ಮಳೆ, ನೀರು, ಮಂಡಿ ನೋವು ಅಂತ ಸುತ್ತಿ ಬಳಸಿ ಮಾತಾಡ್ತಿದ್ದೀಯ. ಡಿಸ್ಕು ಕೇಳಿ ನಾನು ಒಂದು ಮಾತೂ ಆಡದೆ ಎದ್ದು ಹೋಗಿ ಅತ್ತಿಗೆ ಜೊತೆ ಹುರುಳಿಕಾಯಿ ಹೆಚ್ಚೋಕೆ ಕೂತೆನಲ್ಲ, ಅದು ನಿನ್ನನ್ನ ತಿಂತಿದೆ ಅಂತ ಗೊತ್ತು. ಅವತ್ತು ನೀನು ಆ ಪ್ಲೇಯರ್ ಪಕ್ಕ ಕೈಕಟ್ಟಿ ನಿಂತಿದ್ದೆ. ಇಷ್ಟು ಮುದುಕ ಆಗಿದ್ದಾನಲ್ಲ ಅಂತ ಅನ್ನಿಸಿತು. ತಿನ್ನಲಿ ಅಂತಲೇ ಮೂರು ತಿಂಗಳು ಸುಮ್ಮನಿದ್ದೆ.

ಈಗ ಹೇಳ್ತೀನಿ. ಎರಡನೇ ಹಾಡಿನ ಕೊನೇ ಚರಣದಲ್ಲಿ ಶ್ರುತಿ ಒಂದು ಕೂದಲೆಳೆಯಷ್ಟು ಇಳಿದಿದೆ. ನನಗೂ ತಿಳೀತು, ಅಕ್ಷಯಾನೂ ನನ್ನ ಕೈ ಚಿವುಟಿದಳು. ಅದು ನನ್ನ ತಪ್ಪು. ಉಳಿದದ್ದು ನಿನ್ನದು. ಉಳಿದದ್ದೆಲ್ಲ ಎಷ್ಟು ಚೆನ್ನಾಗಿತ್ತಪ್ಪಾ ಅಣ್ಣ! ಆ ಹುಡುಗಿ ಯಾರೋ, ಇಪ್ಪತ್ತೈದು ವರ್ಷದವಳು, ಎಷ್ಟು ಧೈರ್ಯವಾಗಿ ಹಾಡಿದ್ದಾಳೆ. ಅವಳ ಮೇಲೆ ಹೊಟ್ಟೆಕಿಚ್ಚಾಯ್ತು, ಆಮೇಲೆ ರೈಲಿನಲ್ಲಿ ಅರಕ್ಕೋಣಂ ದಾಟುವ ತನಕ ಸೆರಗು ಮುಖಕ್ಕೆ ಹಾಕಿಕೊಂಡು ಅತ್ತೆ. ಅಕ್ಷಯಾ ಎದುರಿನವರಿಗೆ "ಅಮ್ಮನಿಗೆ ಗಾಳಿ ಆಗಲ್ಲ" ಅಂತ ಹೇಳಿದಳು.

ಅಕ್ಷಯಾಳನ್ನ ಜೂನಿನಲ್ಲೇ ಪಾಠಕ್ಕೆ ಸೇರಿಸಿದೆ. ವಿಜಯದಶಮಿ ಬರಲಿ ಅಂತ ಕಾಯಲಿಲ್ಲ, ಕಾದದ್ದು ಸಾಕು. ಬೆಳಿಗ್ಗೆ ಅಭ್ಯಾಸಕ್ಕೆ ಕೂತಾಗ ನಾನೂ ಪಕ್ಕದಲ್ಲಿ ಕೂರ್ತೀನಿ. ನನ್ನ ಗಂಟಲು ಈಗ ಒಣಗಿದೆ, ಮೇಲಕ್ಕೆ ಹೋಗಲ್ಲ. ಆ ಹುಡುಗಿಯ ಹಾಗೆ ಇನ್ನು ಹಾಡೋಕಾಗಲ್ಲ, ಅದು ಹೋಯ್ತು. ಅದನ್ನ ನಿನಗೆ ಹೇಳದೆ ಬಿಡಲಾರೆ.

ಕ್ಷಮಿಸಿದ್ದೀನಿ ಅಂತ ಬರೆಯೋಣ ಅಂತ ಎರಡು ಸಲ ಪೆನ್ನು ಹಿಡಿದೆ, ಕೈ ಓಡಲಿಲ್ಲ. ಸುಳ್ಳು ಬರೆಯೋದು ಬೇಡ. ಮುಂದೆ ಯಾವತ್ತಾದರೂ ಬರೀಬಹುದು.

ಗೌರಿ ಹಬ್ಬ ಹತ್ತಿರ ಬಂತು. ನೀನು ಆಗಲೇ ಸೀರೆ ಅಂಗಡಿ ಹತ್ತಿರ ಸುಳಿದಾಡ್ತಿರ್ತೀಯ. ಈ ಸಲ ಅಗಲ ಅಂಚಿಂದು ಬೇಡ. ಮೊದಲನೇ ವರ್ಷ ಕಳಿಸಿದ್ದೆಯಲ್ಲ, ಎರಡು ಬೆರಳಂಚಿಂದು, ಅಂಥ ಹಗುರಾದ್ದು ಕಳಿಸು. ಗೌರಿಗೆ ಆರತಿ ಎತ್ತುವಾಗ ನಾನೇ ಹಾಡೋದು ಅಂತ ಓರಗಿತ್ತಿಗೆ ಹೇಳಿಬಿಟ್ಟಿದ್ದೀನಿ. ಅಷ್ಟೊಂದು ಜರಿ ಹೊತ್ತುಕೊಂಡರೆ ಹಾಡೋಕೆ ಉಸಿರು ಸಾಲಲ್ಲ. ತಟ್ಟೆ ಈ ಸಲ ಬೇರೆ ಯಾರಾದರೂ ಹಿಡಿದುಕೊಳ್ಳಲಿ.

ನಿನ್ನ ತಂಗಿ,
ರಮಾ